ಕೆರೆ, ಅಚ್ಚುಮೊಳೆ, ಅಣೆಕಟ್ಟು: ತುಂಗಭದ್ರೆಯ ದಂಡೆಯಲ್ಲಿ ಕ್ರೈಸ್ತ ವಿಶ್ವಾಸದ ಕಾಯಕ

ಹೊಸಪೇಟೆ ಸೀಮೆಯಲ್ಲಿ ಗುರುತು ಉಳಿಸಿಹೋದ ಮೊದಲ ಕ್ರೈಸ್ತನನ್ನು ಹುಡುಕುತ್ತ ಹೋದರೆ ಸಿಗುವವನು ಪಾದ್ರಿಯಲ್ಲ, ಒಬ್ಬ ಕಲ್ಲುಕೆಲಸದ ಮೇಸ್ತ್ರಿ. ಹೆಸರು ಜೊವಾವ್ ದೆ ಲಾ ಪೊಂತೆ. ಕೃಷ್ಣದೇವರಾಯ ನಾಗಲಾಪುರವನ್ನು, ಅಂದರೆ ಇಂದಿನ ಹೊಸಪೇಟೆಯನ್ನು ಕಟ್ಟಿಸುವಾಗ ನೀರಿಗೆಂದು ದೊಡ್ಡ ಕೆರೆಯೊಂದಕ್ಕೆ ಕೈಹಾಕಿದ. ಅದರ ಕೆಲಸಕ್ಕೆ ಈ ಪೋರ್ಚುಗೀಸ್ ಕುಶಲಕರ್ಮಿ ನೆರವಾದನೆಂದು ಕುದುರೆ ವ್ಯಾಪಾರಿ ನುನಿಜ್ ಬರೆದಿಟ್ಟಿದ್ದಾನೆ. ಬಳ್ಳಾರಿಯಲ್ಲಿ ಕಲೆಕ್ಟರಾಗಿದ್ದ ರಾಬರ್ಟ್ ಸೂವೆಲ್ 1900ರಲ್ಲಿ ಆ ಬರಹವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದಾಗ, ಸಂಡೂರು ಗುಡ್ಡಗಳ ಬಾಯಿಗೆ ಅಡ್ಡಲಾಗಿ ಹಾಕಿದ ಏರಿಯೇ ಆ ಕೆರೆಯದ್ದು ಎಂದು ಗುರುತಿಸಿದ. ಹೊಸಪೇಟೆಯಿಂದ ದಕ್ಷಿಣದ ತಾಲ್ಲೂಕುಗಳಿಗೆ ಹೋಗುವ ಹೆದ್ದಾರಿ ಆ ಏರಿಯ ಮೇಲೆಯೇ ಹಾಯುತ್ತದೆಂದೂ ಹೇಳಿದ.

ಮತಪ್ರಚಾರಕ್ಕೆ ಸಂಬಂಧಿಸಿದ ಹೆಸರು ಬೇಕೆಂದರೆ ಅದೂ ಇದೆ. ಗೋವೆಯ ಆಲ್ಬುಕರ್ಕ್ 1510ರಲ್ಲಿ ಲೂಯಿಸ್ ಎಂಬ ಫ್ರಾನ್ಸಿಸ್ಕನ್ ಸನ್ಯಾಸಿಯನ್ನು ವಿಜಯನಗರದ ದರ್ಬಾರಿಗೆ ಕಳಿಸಿದ್ದ. ಅವನ ಜೋಳಿಗೆಯಲ್ಲಿದ್ದದ್ದು ಸುವಾರ್ತೆಗಿಂತ ಹೆಚ್ಚಾಗಿ ರಾಜಕೀಯ ಒಪ್ಪಂದದ ಮಾತು. ಕೊನೆಗೆ ಅವನು ಅಲ್ಲಿಯೇ ಕೊಲೆಯಾದ. ಹಂಪಿಯ ಬೀದಿಗಳಲ್ಲಿ ಪೋರ್ಚುಗೀಸ್ ಪ್ರವಾಸಿ ಪೇಸ್ ಓಡಾಡಿದ್ದು ಸುಮಾರು 1520ರಲ್ಲಿ. ಅದೇ ವರ್ಷ ಜರ್ಮನಿಯಲ್ಲಿ ಮಾರ್ಟಿನ್ ಲೂಥರ್, ಚಮ್ಮಾರನ ಕೆಲಸವೂ ಕಮ್ಮಾರನ ಕೆಲಸವೂ ಬಿಷಪ್ಪನ ಕೆಲಸದಷ್ಟೇ ದೇವರ ಕೆಲಸ ಎಂದು ಬರೆಯುತ್ತಿದ್ದ. ಯುರೋಪಿಗೆ ಅದು ಹೊಸ ಮಾತು. ಕಲ್ಯಾಣದ ಶರಣರ ಕಾಯಕದ ವಿಚಾರ ಕೇಳಿದ್ದ ಕನ್ನಡ ನಾಡಿಗೆ ಆಗಲೇ ಅದು ನಾಲ್ಕು ಶತಮಾನ ಹಳೆಯದು. ಈ ಎರಡು ಹೊಳೆಗಳು ಒಂದು ಕಡೆ ಕೂಡಲು ಮತ್ತೂ ನಾನೂರು ವರ್ಷ ಹಿಡಿಯಿತು.

'ನನ್ನ ಬದುಕು ಯಾತಕ್ಕೆ?' ಎಂಬ ಪ್ರಶ್ನೆಗೆ ಉತ್ತರ ಕೊಡುವ ಪುಸ್ತಕಗಳಿಗೆ ಈಗ ದೊಡ್ಡ ಮಾರುಕಟ್ಟೆಯಿದೆ. 2002ರಲ್ಲಿ ಅಮೆರಿಕದ ಪಾಸ್ಟರ್ ರಿಕ್ ವಾರೆನ್ ನಲವತ್ತು ದಿನಗಳ ಓದಾಗಿ ಬರೆದ 'ದ ಪರ್ಪಸ್ ಡ್ರಿವನ್ ಲೈಫ್' ಕೋಟಿಗಟ್ಟಲೆ ಪ್ರತಿ ಖರ್ಚಾಯಿತು. ಅಲ್ಲಿ ಓದುಗ ಒಬ್ಬನೇ ಕೂತು ತನ್ನ ಗುರಿ ಕಂಡುಕೊಳ್ಳುತ್ತಾನೆ. ಹೊಸಪೇಟೆ, ಸಂಡೂರು, ಕಂಪ್ಲಿಗಳ ಕಥೆ ಹಾಗೆ ಒಬ್ಬೊಬ್ಬರದಾಗಿ ಬೆಳೆದದ್ದಲ್ಲ. ಇಲ್ಲಿ ಬರ, ಭಾಷೆ, ಜಾತಿ, ಕಾಲುವೆ ನೀರು, ಅದಿರು ಒಂದೊಂದೂ ಬಂದು ವಿಶ್ವಾಸಿಗಳಿಗೆ ಒಂದೊಂದು ಕೆಲಸ ಹಚ್ಚಿದವು.

ಮೊದಲು ಹಚ್ಚಿದ ಕೆಲಸ ಪುಸ್ತಕದ್ದು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದಾಗ ಅವನ ಕೈಯಲ್ಲಿ ಕನ್ನಡ ನಿಘಂಟು ಇರಲಿಲ್ಲ, ಅಚ್ಚಾದ ವ್ಯಾಕರಣ ಇರಲಿಲ್ಲ. ಅತ್ತ ಬಂಗಾಳದ ಸೆರಾಂಪುರದಲ್ಲಿ ಬೈಬಲ್ ಅನುವಾದಿಸುತ್ತಿದ್ದ ಮಿಷನರಿ ವಿಲಿಯಂ ಕೇರಿಯ ಮುದ್ರಣಾಲಯಕ್ಕೆ 1812ರ ಮಾರ್ಚಿನಲ್ಲಿ ಬೆಂಕಿ ಬಿದ್ದು, ಹಲವು ಭಾಷೆಗಳ ಅಚ್ಚುಮೊಳೆಗಳ ಜೊತೆ ಹಸ್ತಪ್ರತಿಗಳೂ ಸುಟ್ಟುಹೋದವು. ಹ್ಯಾಂಡ್ಸ್ ಮತ್ತು ಅವನ ಜೊತೆಗಾರ ವಿಲಿಯಂ ರೀವ್ ಊರಿನ ಪಂಡಿತರನ್ನು ಕೂರಿಸಿಕೊಂಡು ಪದಪದ ಹೆಕ್ಕಿದರು. ಇಡೀ ಬೈಬಲ್ ಕನ್ನಡದಲ್ಲಿ ಮುಗಿದದ್ದು 1831ರಲ್ಲಿ. ರೀವ್‌ನ ಇಂಗ್ಲಿಷ್-ಕನ್ನಡ ನಿಘಂಟು 1824ರಲ್ಲಿ, ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ಬಂದವು. ಕಿಟೆಲ್‌ನ 1894ರ ಮಹಾನಿಘಂಟಿನ ಹೊಳಪಿನಲ್ಲಿ ರೀವ್‌ನನ್ನು ನಾವು ಮರೆತೇಬಿಟ್ಟೆವು. ಅದು ಅನ್ಯಾಯ.

ಈ ಇಪ್ಪತ್ತು ವರ್ಷಗಳ ದುಡಿಮೆಗೆ ಮತಾಂತರದ ಲೆಕ್ಕದಲ್ಲಿ ಸಿಕ್ಕ ಫಲ ಬಹಳ ಕಡಿಮೆ. ಹಂಪಿಯ ಜಾತ್ರೆಯಲ್ಲಿ ನಿಂತು ಬೋಧಿಸಿದರೂ ತೇರೆಳೆಯುವ ಜನ ತೇರೆಳೆದು ಊರಿಗೆ ಮರಳಿದರು. ಉಳಿದದ್ದು ಭಾಷೆಗೆ ಆದ ಲಾಭ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಶುರುಮಾಡಿದ 'ಮಂಗಳೂರ ಸಮಾಚಾರ' ಮರುವರ್ಷ ಬಳ್ಳಾರಿಗೆ ಬಂದು 'ಕನ್ನಡ ಸಮಾಚಾರ' ಆಯಿತು. ಮೊಳೆ ಜೋಡಿಸಿ ಅಚ್ಚುಹಾಕುವ ಸೌಕರ್ಯ ಬಳ್ಳಾರಿಯಲ್ಲಿತ್ತು. ಕನ್ನಡ ಪತ್ರಿಕೋದ್ಯಮದ ಹುಟ್ಟನ್ನು ಮಂಗಳೂರಿನಲ್ಲಿ ಆಚರಿಸುವಾಗ, ಕೂಸು ಹೆಜ್ಜೆ ಹಾಕಿದ್ದು ಬಳ್ಳಾರಿಯ ಅಂಗಳದಲ್ಲಿ ಎಂಬುದನ್ನೂ ಯಾರಾದರೂ ನೆನೆಯಬಹುದು.

ಹ್ಯಾಂಡ್ಸ್‌ನ ನೆರಳಿನಲ್ಲೇ ಇನ್ನೊಬ್ಬನಿದ್ದ. ಸ್ಯಾಮ್ಯುಯಲ್ ಫ್ಲೇವೆಲ್, ತಮಿಳು ಮೂಲದವನು, ಬಿಳಿಯರ ಮನೆಗಳಲ್ಲಿ ಚಾಕರಿ ಮಾಡಿದವನು. ಕೈಗೆ ಸಿಕ್ಕ ತಮಿಳು ಹೊಸ ಒಡಂಬಡಿಕೆ ಅವನನ್ನು ಬೇರೆ ದಾರಿಗೆ ಹಚ್ಚಿತು. ಮೈಸೂರು, ಬೆಂಗಳೂರುಗಳಲ್ಲಿ ಬೋಧಿಸಿ, ಗುರುದೀಕ್ಷೆ ಪಡೆದು, 1827ರ ಹೊತ್ತಿಗೆ ಬಳ್ಳಾರಿಗೆ ಬಂದ. ಇಪ್ಪತ್ತು ವರ್ಷ ಸಭೆ ನೋಡಿಕೊಂಡು 1847ರಲ್ಲಿ ಕಾಲರಾಕ್ಕೆ ಬಲಿಯಾದ. ವಿಶ್ವಾಸಿಗಳ ಬಾಯಲ್ಲಿ ಇವತ್ತು 'ದೇವರ ಕರೆ' ಎಂಬ ಮಾತು ಬಂದರೆ ಅದು ಪೂರ್ಣಾವಧಿ ಸೇವೆಗೆ ಇಳಿಯುವವರ ಬಗ್ಗೆಯೇ ಇರುತ್ತದೆ. ಫ್ಲೇವೆಲ್‌ನ ವಿಷಯ ಸ್ವಲ್ಪ ಬೇರೆ. ಅವನ ಮೊದಲ ಬೋಧನೆಗಳು ನಡೆದದ್ದು ಜೊತೆಯ ಆಳುಕಾಳುಗಳ ನಡುವೆ. ಅಡುಗೆಮನೆಯೇ ಅವನ ಮೊದಲ ಸಭೆ.

ವಿಶ್ವಾಸಕ್ಕೂ ದುಡಿಮೆಗೂ ಇರುವ ನಂಟಿನ ಈ ಪ್ರಶ್ನೆಯನ್ನು ಬಾಸೆಲ್ ಮಿಷನ್ ಇನ್ನೊಂದು ತುದಿಯಿಂದ ಹಿಡಿಯಿತು. ಮತ ಬದಲಿಸಿದವನು ಕುಲಕಸುಬಿನಿಂದಲೂ ಬಂಧುಬಳಗದಿಂದಲೂ ಹೊರಬಿದ್ದ ಮೇಲೆ ತಿನ್ನುವುದೇನು? ಗದಗಿನ ಹತ್ತಿರ ಮಲಸಮುದ್ರದಲ್ಲಿ 1841ರಲ್ಲಿ ಅವರಿಗೆಂದೇ ಒಂದು ಒಕ್ಕಲುತನದ ನೆಲೆ ಮಾಡಿದರು. ನಿರೀಕ್ಷಿಸಿದ ಜನ ಬರಲಿಲ್ಲ, ಪ್ರಯೋಗ ಕೆಟ್ಟಿತು. ಆಮೇಲೆ ಕರಾವಳಿಯ ನೇಯ್ಗೆ ಮಗ್ಗ, ಹೆಂಚಿನ ಕಾರ್ಖಾನೆಗಳು ಹಿಡಿದ ದಾರಿ ನಮಗೆಲ್ಲ ಗೊತ್ತು. ಬೇರೆಯೇ ಊರು ಕಟ್ಟಿಕೊಂಡು ಬಾಳುವ ಯೋಚನೆ ಉತ್ತರ ಕರ್ನಾಟಕದಲ್ಲಿ ಬೇರು ಬಿಡಲಿಲ್ಲ. ಬಿಡದೇ ಇದ್ದದ್ದೇ ಒಳ್ಳೆಯದಾಯಿತು.

ಪುಸ್ತಕದಿಂದ ಗಂಜಿಗೆ, ಶಾಲೆಗೆ, ಔಷಧಿಗೆ ಗಮನ ತಿರುಗಿಸಿದ್ದು ಬರ. ಧಾತು ಸಂವತ್ಸರದ ಬರ ಎಂದು ಹಳಬರು ಕರೆಯುತ್ತಿದ್ದ 1876-78ರ ಕ್ಷಾಮದಲ್ಲಿ ಮದರಾಸು ಪ್ರಾಂತ್ಯದಲ್ಲೇ ಅತಿಯಾಗಿ ನಲುಗಿದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. ಅನಾಥ ಮಕ್ಕಳನ್ನು ಸಾಕುವುದು ಮಿಷನ್ನಿನ ದೊಡ್ಡ ಕೆಲಸವಾಯಿತು. ಬಳ್ಳಾರಿಯ ವಾರ್ಡ್ಲಾ ಶಾಲೆ, ಗುಡ್ ಶೆಫರ್ಡ್ ಭಗಿನಿಯರ ಹೆಣ್ಣುಮಕ್ಕಳ ಶಾಲೆ, ಪಕ್ಕದ ಗದಗ-ಬೆಟಗೇರಿಯಲ್ಲಿ ಜನ ಇಂದಿಗೂ ಜರ್ಮನ್ ಆಸ್ಪತ್ರೆ ಎನ್ನುವ ಮಿಷನ್ ಆಸ್ಪತ್ರೆ ಇವೆಲ್ಲ ಮಿಷನ್ ಸೇವೆಯ ಪರಂಪರೆಯವು. ಇವುಗಳ ಬಾಗಿಲು ತುಳಿದವರಲ್ಲಿ ಬಹುಪಾಲು ಮಂದಿ ಕ್ರೈಸ್ತರಾಗಲಿಲ್ಲ. ಬರಗಾಲದಲ್ಲಿ ಅನ್ನ ಕೊಟ್ಟು ಮತ ಕೊಟ್ಟರೆಂಬ ಆರೋಪವನ್ನು ಮಿಷನ್ನುಗಳು ಆಗಲೂ ಕೇಳಿದವು, ಈಗಲೂ ಕೇಳುತ್ತಿವೆ. ಅದನ್ನು ಪೂರಾ ತಳ್ಳಿಹಾಕಲು ಚರಿತ್ರೆ ಬಿಡುವುದಿಲ್ಲ. ಹಾಗಂತ ಹಸಿದ ಕೂಸನ್ನು ಎತ್ತಿಕೊಂಡವರ ಮನಸ್ಸನ್ನು ಅದೊಂದೇ ತಕ್ಕಡಿಯಲ್ಲಿ ತೂಗುವುದೂ ಸರಿಯಲ್ಲ.

ಇಷ್ಟು ಹೊತ್ತು ಹೇಳಿದ್ದು ಬಹುಮಟ್ಟಿಗೆ ಹೊರಗಿನಿಂದ ಬಂದವರ ಕಥೆ. ಈ ಮಣ್ಣಿನವನೇ ಒಬ್ಬ ನಿಂತು, ಕ್ರಿಸ್ತನನ್ನು ನಂಬಿದ ಕನ್ನಡಿಗ ಹೇಗೆ ಬಾಳಬೇಕು ಎಂದು ಕೇಳಿಕೊಳ್ಳುವುದು ಶುರುವಾದದ್ದು ಉತ್ತಂಗಿ ಚನ್ನಪ್ಪನವರಿಂದ. ಹುಟ್ಟಿದ್ದು 1881ರಲ್ಲಿ ಧಾರವಾಡದಲ್ಲಿ. ಹೆಸರಿಗಂಟಿದ ಉತ್ತಂಗಿ ಹೂವಿನಹಡಗಲಿ ತಾಲ್ಲೂಕಿನ ಹಳ್ಳಿ, ಈಗ ಹೊಸಪೇಟೆಯೇ ಕೇಂದ್ರವಾಗಿರುವ ವಿಜಯನಗರ ಜಿಲ್ಲೆಗೆ ಸೇರಿದ್ದು. ಮಂಗಳೂರಿನಲ್ಲಿ ದೈವಜ್ಞಾನ ಓದಿ ಬಾಸೆಲ್ ಮಿಷನ್ನಿನ ಪಾದ್ರಿಯಾದರು. ಮೊದಲ ಮಹಾಯುದ್ಧ ಬಂದು ಜರ್ಮನ್ ಮಿಷನರಿಗಳು ಬಂಧನಕ್ಕೆ ಒಳಗಾದಾಗ ಸಭೆಗಳ ಭಾರ ದೇಶೀಯ ಪಾದ್ರಿಗಳ ಹೆಗಲಿಗೆ ಬಿತ್ತು. ಆ ಹೊತ್ತಿನ ತಲೆಮಾರಿನವರು ಚನ್ನಪ್ಪ.

ಅವರು ಆರಿಸಿಕೊಂಡ ಕೆಲಸ ಯಾರೂ ಎಣಿಸಿರದಂಥದು. ಬೋಧನೆಗೆ ಹೋದ ಹಳ್ಳಿಗಳಲ್ಲೇ ಸರ್ವಜ್ಞನ ತ್ರಿಪದಿಗಳನ್ನು ಕೇಳಿ ಬರೆದುಕೊಂಡರು, ತಾಳೆಗರಿ ಹುಡುಕಿದರು, ಪಾಠ ಹೋಲಿಸಿದರು. 1924ರಲ್ಲಿ ಎರಡು ಸಾವಿರದ ಆಸುಪಾಸಿನ ಪದ್ಯಗಳ ಸಂಗ್ರಹ ಹೊರಬಂತು. ಮುಂದೆ ಶಿವಶರಣರ ವಚನಗಳ ಸಂಪಾದನೆ, 1951ರಲ್ಲಿ ಅನುಭವ ಮಂಟಪದ ಐತಿಹಾಸಿಕತೆಯನ್ನು ಕುರಿತ ಪುಸ್ತಕ. ಇವಲ್ಲದೆ 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ' ಎಂಬ ಕೃತಿ, ಕ್ರಿಸ್ತನನ್ನು ಭಾರತದ ಅಧ್ಯಾತ್ಮದ ಎದುರು ನಿಲ್ಲಿಸದೆ ಅದರ ಪಕ್ಕಕ್ಕೆ ಕರೆತರುವ ಪ್ರಯತ್ನ. 1949ರ ಕಲಬುರಗಿ ಸಾಹಿತ್ಯ ಸಮ್ಮೇಳನ ಈ ಪಾದ್ರಿಯನ್ನು ಅಧ್ಯಕ್ಷ ಪೀಠದಲ್ಲಿ ಕೂರಿಸಿತು. 'ತಿರುಳ್ಗನ್ನಡದ ತಿರುಕ' ಎಂಬ ಹೆಸರು ಅವರಿಗೆ ನಿಂತುಹೋಯಿತು. 1962ರಲ್ಲಿ ತೀರಿಕೊಂಡರು.

ಚನ್ನಪ್ಪನವರ ಮಹತ್ವ ಅವರ ಸಂಶೋಧನೆಯಲ್ಲಷ್ಟೇ ಇಲ್ಲ. ಯೇಸುವನ್ನು ನಂಬಲು ಸರ್ವಜ್ಞನನ್ನೋ ಬಸವಣ್ಣನನ್ನೋ ಬಿಡಬೇಕಿಲ್ಲ, ಅವರನ್ನು ಶ್ರದ್ಧೆಯಿಂದ ಓದುವುದೇ ಒಬ್ಬ ಕ್ರೈಸ್ತನ ಕಾಯಕವಾಗಬಹುದು ಎಂದು ಅವರು ಬಾಳಿ ತೋರಿಸಿದರು. ಹ್ಯಾಂಡ್ಸ್ ತನ್ನ ಪುಸ್ತಕವನ್ನು ಕನ್ನಡಕ್ಕೆ ತಂದ. ಚನ್ನಪ್ಪ ಕನ್ನಡದ ಪುಸ್ತಕವನ್ನು ಕನ್ನಡಕ್ಕೇ ಹಿಂದಿರುಗಿಸಿದರು. ನೂರು ವರ್ಷದಲ್ಲಿ ನಡೆದ ಈ ತಿರುವೇ ಈ ಇಡೀ ಚರಿತ್ರೆಯ ಎತ್ತರದ ಜಾಗ. ದುರ್ದೈವವೆಂದರೆ, ಅವರ ಹೆಸರು ಸಾಹಿತ್ಯ ಚರಿತ್ರೆಯಲ್ಲಿ ಉಳಿದಷ್ಟು ಗಟ್ಟಿಯಾಗಿ ಭಾನುವಾರದ ಪ್ರಸಂಗಗಳಲ್ಲಿ ಉಳಿಯಲಿಲ್ಲ.

ಸ್ವಾತಂತ್ರ್ಯದ ಸುತ್ತಮುತ್ತಲ ವರ್ಷಗಳು ಎಲ್ಲವನ್ನೂ ಕಲಕಿದವು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಹಲವು ಪ್ರೊಟೆಸ್ಟೆಂಟ್ ಪಂಗಡಗಳು ಕೂಡಿ ದಕ್ಷಿಣ ಭಾರತ ಸಭೆಯಾದವು. 1949ರಲ್ಲಿ ಬಳ್ಳಾರಿ ಪ್ರತ್ಯೇಕ ಕಥೋಲಿಕ ಧರ್ಮಪ್ರಾಂತ್ಯವಾಯಿತು. 1953ರ ಅಕ್ಟೋಬರಿನಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅದೇ ವರ್ಷ ತುಂಗಭದ್ರೆಯ ಅಣೆಕಟ್ಟಿನಿಂದ ಕಾಲುವೆಗೆ ನೀರು ಹರಿಯಿತು.

ಅಣೆಕಟ್ಟು ತಂದದ್ದು ನೀರನ್ನಷ್ಟೇ ಅಲ್ಲ, ಜನರನ್ನೂ. ಕಂಪ್ಲಿ, ಸಿರುಗುಪ್ಪ, ಗಂಗಾವತಿ ಕಡೆ ಆಂಧ್ರದಿಂದ ಬಂದ ರೈತರು ಬತ್ತ ಹಾಕಿ 'ಕ್ಯಾಂಪು'ಗಳನ್ನು ಕಟ್ಟಿಕೊಂಡರು. ಅವರ ಹಿಂದೆ ಕೂಲಿಯವರು ಬಂದರು, ಅವರಲ್ಲಿ ತೆಲುಗು ಮಾತಾಡುವ ಕ್ರೈಸ್ತ ಕುಟುಂಬಗಳೂ ಇದ್ದವು. ಬ್ರಿಟಿಷ್ ದಂಡಿನ ಕಾಲದ ತಮಿಳು ಮನೆತನಗಳು, ಕನ್ನಡದ ಹಳೆಯ ಸಭೆಗಳು, ಕ್ಯಾಂಪಿನ ತೆಲುಗು ಹಾಡುಗಳು ಎಲ್ಲ ಒಂದೇ ಸೀಮೆಯಲ್ಲಿ. ಯಾವ ಭಾಷೆಯಲ್ಲಿ ಪ್ರಾರ್ಥಿಸಬೇಕೆಂಬುದು ಇಲ್ಲಿ ದೈನಂದಿನ ಪ್ರಶ್ನೆ. ಎರಡನೆಯ ವ್ಯಾಟಿಕನ್ ಮಹಾಸಭೆ (1962-65) ಲ್ಯಾಟಿನ್ನಿನ ಜಾಗಕ್ಕೆ ಜನಭಾಷೆಯನ್ನು ತಂದ ಮೇಲೆ ಕಥೋಲಿಕರ ಬಲಿಪೂಜೆಯೂ ಕನ್ನಡಕ್ಕೆ ಬಂತು. ಗುರುಗಳು, ಕನ್ಯಾಸ್ತ್ರೀಯರು ಮಾತ್ರವಲ್ಲ, ಸಂಸಾರಿಯೂ ಪವಿತ್ರ ಬಾಳಿಗೆ ಕರೆಯಲ್ಪಟ್ಟವನೇ ಎಂಬುದು ಅದೇ ಮಹಾಸಭೆಯ ಮಾತು. ಕಳೆ ಕೀಳುವ ಹೆಂಗಸಿಗೆ ಇದನ್ನು ಯಾರು, ಹೇಗೆ ಹೇಳಿದರು ಎಂಬುದು ಬೇರೆ ವಿಷಯ. ಮನೆಮನೆಯ ಸಂಜೆ ಪ್ರಾರ್ಥನೆ, ಸಾಕ್ಷಿ ಹೇಳುವುದು, ಉಪವಾಸ ಕೂಟ ಇವನ್ನು ಹಬ್ಬಿಸಿದ್ದು ಹೆಚ್ಚಾಗಿ ಆಮೇಲೆ ಬಂದ ಪೆಂತೆಕೋಸ್ತು ಮತ್ತು ಸ್ವತಂತ್ರ ಸಭೆಗಳು.

ಸಂಡೂರಿನ ಪ್ರಶ್ನೆ ಇನ್ನಷ್ಟು ಗಡುಸು. ಘೋರ್ಪಡೆಯವರ ಪುಟ್ಟ ಸಂಸ್ಥಾನವಾಗಿದ್ದ ಈ ಕಣಿವೆಯಲ್ಲಿ ಮ್ಯಾಂಗನೀಸ್, ಕಬ್ಬಿಣದ ಅದಿರು ತೆಗೆಯುವ ಕೆಲಸ ದಶಕಗಳಿಂದ ನಡೆದಿದೆ. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಅದಿರಿನ ಬೆಲೆ ಏರಿದಾಗ ಲಾರಿಗಳ ಸಾಲು, ಕೆಂಧೂಳು, ದಿಢೀರ್ ಹಣ ಮೂರೂ ಒಟ್ಟಿಗೆ ಬಂದವು. ಪ್ರಾಮಾಣಿಕ ದುಡಿಮೆ ದೇವರ ಸೇವೆ ಎಂದು ಕಲಿಸಿದ ವಿಶ್ವಾಸ, ದುಡಿಮೆಯೇ ಅಕ್ರಮ ಸಾಗಣೆಯ ಭಾಗವಾದಾಗ ಏನು ಹೇಳಬೇಕಿತ್ತು? ಇದನ್ನು ನ್ಯಾಯಾಲಯದವರೆಗೆ ಒಯ್ದದ್ದು ಸಮಾಜ ಪರಿವರ್ತನ ಸಮುದಾಯದಂಥ ಸಂಘಟನೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಕೂಲಿ ತಪ್ಪಿದ ಮನೆಗಳಿಗೆ ಅಕ್ಕಿ ಬೇಳೆ ಹಂಚುವುದು ಸಭೆಗಳಿಗೆ ಹಳೆಯ ಅಭ್ಯಾಸ. ಗುಡ್ಡ ಅಗೆದವರನ್ನು ಪ್ರಶ್ನಿಸುವ ಅಭ್ಯಾಸ ಇನ್ನೂ ಬರಬೇಕಿದೆ. ಪೋಪ್ ಫ್ರಾನ್ಸಿಸ್ 2015ರ 'ಲೌದಾತೊ ಸಿ' ಪತ್ರದಲ್ಲಿ ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಒಟ್ಟಿಗೆ ಕೇಳಬೇಕೆಂದರು. ಆ ಪತ್ರ ಓದಲು ಸಂಡೂರಿಗಿಂತ ತಕ್ಕ ಜಾಗ ಕರ್ನಾಟಕದಲ್ಲಿಲ್ಲ.

2011ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆಯಲ್ಲಿ ಕ್ರೈಸ್ತರು ಶೇಕಡ 1.87. ಈ ಭಾಗದಲ್ಲಿ ಪ್ರಮಾಣ ಇನ್ನೂ ಕಡಿಮೆ. ಆ ಲೆಕ್ಕದ ಹಿಂದೆ ಒಂದು ತೊಡಕಿದೆ. 1950ರ ರಾಷ್ಟ್ರಪತಿ ಆದೇಶ, ಅದರ ನಂತರದ ತಿದ್ದುಪಡಿಗಳ ಪ್ರಕಾರ ಪರಿಶಿಷ್ಟ ಜಾತಿಯ ಮಾನ್ಯತೆ ಹಿಂದೂ, ಸಿಖ್, ಬೌದ್ಧರಿಗಷ್ಟೇ. ಚರ್ಚಿಗೆ ಹೋಗುವ ದಲಿತ ಕುಟುಂಬಕ್ಕೆ ಮಗಳ ಶಾಲಾ ದಾಖಲೆಯಲ್ಲಿ ಏನು ಬರೆಸಬೇಕೆಂಬುದೇ ವಿಶ್ವಾಸದ ಪರೀಕ್ಷೆ. ಮನೆಯಲ್ಲೊಂದು ಹೆಸರು, ಪ್ರಮಾಣಪತ್ರದಲ್ಲೊಂದು ಹೆಸರು. ಈ ವಿಷಯ ಪರಿಶೀಲಿಸಲು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ನೇಮಿಸಿತು. ಅದೇ ವರ್ಷ ರಾಜ್ಯದಲ್ಲಿ ಮತಾಂತರ ನಿಯಂತ್ರಣದ ಕಾಯ್ದೆಯೂ ಜಾರಿಗೆ ಬಂತು. ಮನೆಯಲ್ಲಿ ನಾಲ್ಕು ಜನ ಸೇರಿ ಪ್ರಾರ್ಥಿಸುವುದಕ್ಕೂ ಅಕ್ಕಪಕ್ಕದವರ ಮುಖ ನೋಡಬೇಕಾದ ಸ್ಥಿತಿಯ ಬಗ್ಗೆ ಆಗ ಬಹಳ ಚರ್ಚೆಯಾಯಿತು.

ಈ ಎರಡು ಶತಮಾನಗಳ ಅಧ್ಯಯನ ಇನ್ನೂ ಏಕಮುಖವಾಗಿದೆ. ಲಂಡನ್ ಮಿಷನ್ನಿನ ಕಾಗದಪತ್ರ ಲಂಡನ್ನಿನ ಸೋಯಾಸ್ ಗ್ರಂಥಾಲಯದಲ್ಲಿವೆ, ಬಾಸೆಲ್ ಮಿಷನ್ನಿನವು ಬಾಸೆಲ್‌ನಲ್ಲಿ. ಅವನ್ನು ಬರೆದವರು ಬಿಳಿಯ ಗಂಡಸರು, ಓದಿದವರೂ ಹೆಚ್ಚಾಗಿ ಅದೇ ಕಣ್ಣಿನಿಂದ ಓದಿದರು. ಹ್ಯಾಂಡ್ಸ್‌ಗೆ ಕನ್ನಡ ಹೇಳಿಕೊಟ್ಟ ಪಂಡಿತರು, ಮೊಳೆ ಜೋಡಿಸಿದ ಹುಡುಗರು, ಮನೆಮನೆಗೆ ಹೋಗಿ ಹೆಂಗಸರಿಗೆ ಅಕ್ಷರ ಕಲಿಸಿದ 'ಬೈಬಲ್ ಅಮ್ಮ'ಗಳು, ಮಿಷನ್ ಆಸ್ಪತ್ರೆಗಳ ದಾದಿಯರು ಆ ವರದಿಗಳಲ್ಲಿ ಅಪರೂಪಕ್ಕೆ ಹೆಸರಿನಿಂದ ಬರುತ್ತಾರೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ 1991ರಿಂದ ಇಲ್ಲೇ ಇದೆ, ಮೌಖಿಕ ಚರಿತ್ರೆಯಲ್ಲಿ ಅದಕ್ಕೆ ಪಳಗಿದ ಕೈಯಿದೆ. ಕಂಪ್ಲಿಯ ಕ್ಯಾಂಪುಗಳಲ್ಲಿ ಅಣೆಕಟ್ಟಿನ ಕಾಲ ಕಂಡ ಮೊದಲ ತಲೆಮಾರಿನವರು ಕೆಲವರೇ ಉಳಿದಿದ್ದಾರೆ. ಅವರ ಮಾತು ದಾಖಲಿಸುವ ಕೆಲಸಕ್ಕೆ ಹೊಸಪೇಟೆಯಿಂದ ಒಂದು ಗಂಟೆಯ ಬಸ್ ಪ್ರಯಾಣ ಸಾಕು.