ಸಣ್ಣ ಕಾಲೇಜಿಗೂ ಒಂದು ಕಪ್: ಕ್ಯಾನ್ಸಸ್ ಸಿಟಿಯಿಂದ ಜತ್ತದವರೆಗೆ

ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಕನ್ನಡ ಮನೆಯ ಹುಡುಗನೊಬ್ಬ ಅಲ್ಲಿನ ರಾಜೇ ರಾಮರಾವ್ ಮಹಾವಿದ್ಯಾಲಯ ಸೇರಿ ಬಾಸ್ಕೆಟ್‌ಬಾಲ್ ಆಡತೊಡಗಿದ ಎನ್ನಿ. ಅವನ ದಾರಿ ಮೊದಲೇ ಗೊತ್ತಾಗಿರುತ್ತದೆ. ಶಿವಾಜಿ ವಿಶ್ವವಿದ್ಯಾಲಯದ ಸಾಂಗಲಿ ಝೋನಿನಲ್ಲಿ ಮೊದಲ ಪಂದ್ಯ, ಗೆದ್ದರೆ ಕೊಲ್ಲಾಪುರ, ಸಾತಾರಾದವರೊಡನೆ ಅಂತರ್‌ವಲಯ, ಅಲ್ಲಿ ಆಯ್ಕೆಗಾರರ ಕಣ್ಣಿಗೆ ಬಿದ್ದರೆ ವಿಶ್ವವಿದ್ಯಾಲಯದ ಜರ್ಸಿ ತೊಟ್ಟು ಪಶ್ಚಿಮ ವಲಯಕ್ಕೆ. ಅವನ ಸೋದರಮಾವನ ಮಗ ಗಡಿಯಾಚೆ ಇಂಡಿಯಲ್ಲೋ ವಿಜಯಪುರದಲ್ಲೋ ಓದುತ್ತಿದ್ದರೆ ಆತ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಹುಡುಗ, ದಕ್ಷಿಣ ವಲಯದವನು. ಒಂದೇ ಜಾತ್ರೆಗೆ ಹೋಗುವ, ಒಂದೇ ಮಾತಾಡುವ ಈ ಇಬ್ಬರೂ ಕಾಲೇಜು ಆಟದಲ್ಲಿ ಎದುರುಬದುರಾಗಬೇಕಾದರೆ ಇಬ್ಬರ ವಿಶ್ವವಿದ್ಯಾಲಯಗಳೂ ಅಖಿಲ ಭಾರತ ಮಟ್ಟ ಮುಟ್ಟಬೇಕು. ಜತ್ತಕ್ಕೆ ಸಾಂಗಲಿಗಿಂತ ವಿಜಯಪುರವೇ ಹತ್ತಿರ!

ಕಾಲೇಜು ಬಾಸ್ಕೆಟ್‌ಬಾಲ್ ಬೆಳೆದುಬಂದ ಬಗೆಯನ್ನು ನೋಡುವಾಗ ನನಗೆ ಯಾರು ಗೆದ್ದರು ಎಂಬುದಕ್ಕಿಂತ ಪಂದ್ಯಾವಳಿಯ ಬಾಗಿಲು ಯಾರಿಗೆ ತೆರೆದಿತ್ತು ಎಂಬುದೇ ದೊಡ್ಡದಾಗಿ ಕಾಣುತ್ತದೆ. ಆ ಬಾಗಿಲಿನ ಕಥೆ ಅಮೆರಿಕದ್ದು. ಆಟ ಹುಟ್ಟಿದ್ದೂ ಅಲ್ಲೇ. 1891ರ ಡಿಸೆಂಬರಿನಲ್ಲಿ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಹಣ್ಣಿನ ಬುಟ್ಟಿಗಳನ್ನು ಬಾಲ್ಕನಿಗೆ ಹೊಡೆಸಿ ಆಟ ಶುರುಮಾಡಿದ. ನಲವತ್ತೈದು ವರ್ಷಗಳ ಬಳಿಕ ಅದೇ ನೈಸ್ಮಿತ್ ಸಣ್ಣ ಕಾಲೇಜುಗಳ ಪರವಾಗಿ ನಿಂತ. ಬೇಕರ್ ವಿಶ್ವವಿದ್ಯಾಲಯದ ಎಮಿಲ್ ಲಿಸ್ಟನ್ ಮತ್ತು ಫ್ರಾಂಕ್ ಕ್ರೇಮರ್ ಜೊತೆ ಸೇರಿ 1937ರಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಎಂಟು ತಂಡಗಳ ಪುರುಷರ ಪಂದ್ಯಾವಳಿ ನಡೆಸಿದ. ಗೆದ್ದದ್ದು ಸೆಂಟ್ರಲ್ ಮಿಸೌರಿ. ಮರುವರ್ಷ ತಂಡಗಳು 32 ಆದವು, ಕಪ್ ಮತ್ತೆ ಅವರಿಗೇ ಹೋಯಿತು. 1939ರಲ್ಲಿ ನೈಸ್ಮಿತ್ ತೀರಿಕೊಂಡ. 1940ರಲ್ಲಿ ಪಂದ್ಯಾವಳಿಯ ಸುತ್ತ ಒಂದು ಸಂಘ ಕಟ್ಟಿದರು. 1952ರಿಂದ ಅದರ ಹೆಸರು ಎನ್‌ಎಐಎ.

ಮೂವತ್ತೆರಡು ತಂಡಗಳು, ಒಂದೇ ಊರು, ಒಂದೇ ವಾರ, ಸೋತವರು ಮನೆಗೆ. ಕಪ್ ಎತ್ತಬೇಕಾದರೆ ಒಂದೇ ವಾರದಲ್ಲಿ ಐದು ಪಂದ್ಯ ಗೆಲ್ಲಬೇಕು. ಆರಂಭದ ಸುತ್ತಿನಲ್ಲಿ ಬೆಳಿಗ್ಗೆಯಿಂದ ನಡುರಾತ್ರಿಯವರೆಗೆ ಒಂದರ ಬೆನ್ನಿಗೆ ಒಂದು ಪಂದ್ಯ. ಯಾರೂ ಹೆಸರು ಕೇಳದ ಊರಿನ, ಕೆಲವೇ ನೂರು ವಿದ್ಯಾರ್ಥಿಗಳ ಕಾಲೇಜಿಗೂ ಸಾವಿರಾರು ಜನರೆದುರು ಆಡುವ ಭಾಗ್ಯ ಸಿಕ್ಕಿತು. ಆದರೆ ಈ ಬಾಗಿಲೂ ಎಲ್ಲರಿಗೂ ತೆರೆದಿರಲಿಲ್ಲ. ಕಪ್ಪು ಆಟಗಾರರಿಗೆ ಪ್ರವೇಶವಿರಲಿಲ್ಲ. 1947ರಲ್ಲಿ ಇಂಡಿಯಾನಾ ಸ್ಟೇಟ್ ತಂಡಕ್ಕೆ ಆಹ್ವಾನ ಬಂದಾಗ ಕೋಚ್ ಜಾನ್ ವುಡನ್ ಒಲ್ಲೆ ಎಂದುಬಿಟ್ಟ, ತನ್ನ ತಂಡದ ಕ್ಲಾರೆನ್ಸ್ ವಾಕರ್‌ನನ್ನು ಬಿಟ್ಟು ಬರಲು ಅವನಿಗೆ ಮನಸ್ಸಿರಲಿಲ್ಲ. ಮರುವರ್ಷ ನಿಷೇಧ ತೆಗೆಯದಿದ್ದರೆ ಬರುವುದಿಲ್ಲವೆಂದು ಮ್ಯಾನ್‌ಹಟನ್ ಕಾಲೇಜೂ ಪಟ್ಟು ಹಿಡಿಯಿತು. ನಿಷೇಧ ಹೋಯಿತು. 1948ರಲ್ಲಿ ವಾಕರ್ ಆ ಅಂಗಳಕ್ಕಿಳಿದ ಮೊದಲ ಕಪ್ಪು ಆಟಗಾರನಾದ. ಅವನ ತಂಡ ಫೈನಲಿನಲ್ಲಿ ಲೂಯಿವಿಲ್‌ಗೆ ಸೋತಿತು. ಆ ಸೋಲಿಗಿಂತ ಅವನು ಆಡಿದ್ದೇ ದೊಡ್ಡದು ಎನ್ನುವೆ.

ಇದರ ಮುಂದಿನ ಅಧ್ಯಾಯ ಜಾನ್ ಮೆಕ್ಲೆಂಡನ್‌ನದು. 1930ರ ದಶಕದಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ಅವನು ನೈಸ್ಮಿತ್‌ನ ಶಿಷ್ಯ. ಆಟ ಕಟ್ಟಿದ ಗುರುವಿನಿಂದಲೇ ಆಟ ಕಲಿತರೂ ಕಪ್ಪುಬಣ್ಣದವನೆಂದು ಕಾಲೇಜು ತಂಡದಲ್ಲಿ ಆಡಲು ಬಿಡಲಿಲ್ಲ. ಚೆಂಡು ಕೈಗೆ ಸಿಕ್ಕ ಕೂಡಲೇ ಎದುರಾಳಿಗಳು ಸಾವರಿಸಿಕೊಳ್ಳುವ ಮೊದಲೇ ಓಡಿ ಹೊಡೆಯುವ ಆಟವನ್ನು ಅವನು ತನ್ನ ಹುಡುಗರಿಗೆ ರೂಢಿ ಮಾಡಿಸಿದ. 1953ರಲ್ಲಿ ಎನ್‌ಎಐಎ ಕಪ್ಪು ಕಾಲೇಜುಗಳನ್ನೂ ಒಳಗೆ ಬಿಟ್ಟುಕೊಂಡಿತು. ಮೆಕ್ಲೆಂಡನ್ ತರಬೇತು ಮಾಡಿದ ಟೆನೆಸ್ಸೀ ಎ ಅಂಡ್ ಐ ತಂಡ 1957, 1958, 1959 ಸತತ ಮೂರು ವರ್ಷ ಕಪ್ ಹೊತ್ತೊಯ್ದಿತು. ಬಣ್ಣ ನೋಡದೆ ನಡೆದ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಕಪ್ಪು ಕಾಲೇಜೊಂದು ಗೆದ್ದದ್ದು ಅದೇ ಮೊದಲು. ದೊಡ್ಡ ವಿಶ್ವವಿದ್ಯಾಲಯಗಳ ಎನ್‌ಸಿಎಎ ಕೂಡ 1957ರಲ್ಲಿ ಸಣ್ಣ ಕಾಲೇಜುಗಳಿಗೆ ಪ್ರತ್ಯೇಕ ಪಂದ್ಯಾವಳಿ ತೆರೆಯಿತು. 1975ರಿಂದ ಕ್ರೀಡಾ ವಿದ್ಯಾರ್ಥಿವೇತನವನ್ನೇ ಕೊಡದ ಕಾಲೇಜುಗಳಿಗೂ ಮೂರನೆಯದೊಂದು ನಡೆಯುತ್ತಿದೆ.

ನಮ್ಮಲ್ಲಿ ಬಾಸ್ಕೆಟ್‌ಬಾಲ್ ವೈಎಂಸಿಎ ಬೆನ್ನು ಹತ್ತಿ ಬಂದಿತು. 1920ರಲ್ಲಿ ಹ್ಯಾರಿ ಬಕ್ ಮದ್ರಾಸಿನಲ್ಲಿ ದೈಹಿಕ ಶಿಕ್ಷಣದ ಕಾಲೇಜು ತೆರೆದ. 1934ರಲ್ಲಿ ದಿಲ್ಲಿಯಲ್ಲಿ ಮೊದಲ ರಾಷ್ಟ್ರೀಯ ಪಂದ್ಯಾವಳಿ ನಡೆಯಿತು. 1938ರಲ್ಲಿ ಮುಂಬೈ ಪ್ರಾಂತದ ಶಿಕ್ಷಕರಿಗಾಗಿ ಕಾಂದಿವಲಿಯಲ್ಲಿ ತರಬೇತಿ ಸಂಸ್ಥೆ ಹುಟ್ಟಿತು. ಆಗ ಧಾರವಾಡ, ಬೆಳಗಾವಿ, ವಿಜಾಪುರಗಳೂ ಮುಂಬೈ ಪ್ರಾಂತದವೇ. ಸಾಂಗಲಿಯ ಹಳೆಯ ದೊಡ್ಡ ಕಾಲೇಜು 1919ರ ವಿಲ್ಲಿಂಗ್ಡನ್. ಕನ್ನಡದ ವಿ.ಕೃ. ಗೋಕಾಕರು, ರಂ.ಶ್ರೀ. ಮುಗಳಿಯವರು ದುಡಿದ ಕಾಲೇಜದು, ಗಡಿಯ ಕನ್ನಡಿಗರಿಗೆ ಪರಕೀಯವಲ್ಲ.

ಜತ್ತದ ಸರದಿ ತಡವಾಗಿ ಬಂತು. ಡಫಳೆ ಮನೆತನದ ಸಂಸ್ಥಾನ 1948ರಲ್ಲಿ ಮುಂಬೈ ಪ್ರಾಂತಕ್ಕೆ ಸೇರಿತು, ಮರುವರ್ಷ ದಕ್ಷಿಣ ಸಾತಾರಾ ಜಿಲ್ಲೆಯ ಭಾಗವಾಯಿತು, 1960ರಲ್ಲಿ ಆ ಜಿಲ್ಲೆಗೆ ಸಾಂಗಲಿ ಎಂದು ಹೆಸರಾಯಿತು. 1962ರಲ್ಲಿ ಕೊಲ್ಲಾಪುರದಲ್ಲಿ ಶಿವಾಜಿ ವಿಶ್ವವಿದ್ಯಾಲಯ ಹುಟ್ಟಿತು. 1969ರಲ್ಲಿ ಬಾಪೂಜಿ ಸಾಳುಂಖೆಯವರ ಸ್ವಾಮಿ ವಿವೇಕಾನಂದ ಶಿಕ್ಷಣ ಸಂಸ್ಥೆ ಜತ್ತದಲ್ಲಿ ರಾಜೇ ರಾಮರಾವ್ ಕಾಲೇಜು ತೆರೆಯಿತು. ಬರದ ನಾಡಿನ ಮಕ್ಕಳಿಗೆ ಊರಲ್ಲೇ ಪದವಿ ಸಿಗುವಂತಾದದ್ದು ಸಣ್ಣ ಮಾತಲ್ಲ.

ಆದರೆ ಅಷ್ಟು ಹೊತ್ತಿಗೆ ವಿಶ್ವವಿದ್ಯಾಲಯ ಕ್ರೀಡೆಯ ಏಣಿ ಸಿದ್ಧವಾಗಿಬಿಟ್ಟಿತ್ತು. ಒಟ್ಟಾರೆ ಹೆಚ್ಚು ಗೆದ್ದ ವಿಶ್ವವಿದ್ಯಾಲಯಕ್ಕೆ ಮೌಲಾನಾ ಅಬುಲ್ ಕಲಾಂ ಆಜಾದ್ ಟ್ರೋಫಿ ಕೊಡುವ ಪದ್ಧತಿ 1956-57ರಿಂದಲೇ ಇತ್ತು. ಆ ಏಣಿಯ ಕೆಲಸ ಒಂದೇ: ಹತ್ತಾರು ಕಾಲೇಜುಗಳನ್ನು ಸೋಸಿ ಹನ್ನೆರಡು ಜನರ ತಂಡವೊಂದನ್ನು ಮೇಲಕ್ಕೆ ಕಳಿಸುವುದು. ಉಳಿದವರಿಗೆ ಮೊದಲ ದಿನದ ಒಂದು ಪಂದ್ಯ, ಮಧ್ಯಾಹ್ನದ ಊಟ, ವಾಪಸು ಬಸ್ಸು. ಸ್ವಂತ ಕೋರ್ಟು, ಸ್ವಂತ ಕೋಚ್ ಇರುವ ನಗರದ ಕಾಲೇಜಿನೆದುರು ತಾಲೂಕಿನ ತಂಡ ಅರ್ಧ ಆಟ ಮುಗಿಯುವ ಮೊದಲೇ ಕೈಚೆಲ್ಲುತ್ತದೆ. ಇದರಲ್ಲಿ ಹುಡುಗರ ತಪ್ಪೇನೂ ಇಲ್ಲ.

ಕಾರಣ ನೆಲದಲ್ಲೇ ಇದೆ. ಬಾಸ್ಕೆಟ್‌ಬಾಲಿಗೆ 28 ಮೀಟರ್ ಉದ್ದ, 15 ಮೀಟರ್ ಅಗಲದ ಗಟ್ಟಿ, ಸಮತಟ್ಟಾದ ಅಂಗಳ ಬೇಕು, 3.05 ಮೀಟರ್ ಎತ್ತರದಲ್ಲಿ ರಿಂಗು ಅಲುಗದಂತೆ ನಿಲ್ಲಬೇಕು. ಗರಸಿನ ನೆಲದಲ್ಲಿ ಚೆಂಡು ಬಡಿದರೆ ಹರಳಿಗೆ ತಾಗಿ ಓರೆಯಾಗಿ ಪುಟಿಯುತ್ತದೆ, ಡ್ರಿಬಲ್ ಮಾಡುವವನ ಕಣ್ಣು ಎದುರಾಳಿಯನ್ನು ಬಿಟ್ಟು ಚೆಂಡನ್ನೇ ಕಾಯಬೇಕಾಗುತ್ತದೆ. ತಲೆ ತಗ್ಗಿಸಿ ಆಡಿ ರೂಢಿಯಾದವನು ಸಿಮೆಂಟ್ ಕೋರ್ಟಿನಲ್ಲಿ ಪಾಸ್ ಕಾಣುವುದು ಕಷ್ಟ. ಕಬಡ್ಡಿಗೆ, ಖೋಖೋಗೆ, ಕುಸ್ತಿಗೆ ಈ ತೊಡಕಿಲ್ಲ, ಸಾಂಗಲಿ ಜಿಲ್ಲೆ ಅವುಗಳಲ್ಲಿ ಎತ್ತಿದ ಕೈ. ಕವಠೆ ಪಿರಾನಿನ ಮಾರುತಿ ಮಾನೆ 1962ರ ಜಕಾರ್ತಾ ಏಷ್ಯನ್ ಗೇಮ್ಸ್ ಕುಸ್ತಿಯಲ್ಲಿ ಚಿನ್ನ ತಂದದ್ದು ಈ ಮಣ್ಣಿನಿಂದಲೇ.

ಕರ್ನಾಟಕದಲ್ಲಿ ಬಾಸ್ಕೆಟ್‌ಬಾಲ್ ಮೇಲಕ್ಕೇರಿದೆ, ಆದರೆ ಬಹುಪಾಲು ಬೆಂಗಳೂರಿನಲ್ಲಿ. 2017ರಲ್ಲಿ ಕಂಠೀರವ ಒಳಾಂಗಣದಲ್ಲಿ ಭಾರತದ ಹೆಣ್ಣುಮಕ್ಕಳು ಏಷ್ಯಾ ಕಪ್ಪಿನ ಬಿ ವಿಭಾಗ ಗೆದ್ದರು. 2022ರ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟವೂ ಬೆಂಗಳೂರಿನಲ್ಲೇ ನಡೆಯಿತು. ಸಂತೋಷದ ಸಂಗತಿಗಳೇ. ತಾಲೂಕಿನ ಕಾಲೇಜಿಗೆ ಮಾತ್ರ ಇವು ದೂರದರ್ಶನದಲ್ಲಿ ನೋಡುವ ಆಟಗಳು.

ಈಗ ದಾರಿಯೊಂದು ಕಾಣುತ್ತಿದೆ. ಟೋಕಿಯೊ ಒಲಿಂಪಿಕ್ಸ್‌ಗೆ ಸೇರಿದ ತ್ರೀ-ಬೈ-ತ್ರೀ ಆಟಕ್ಕೆ ಒಂದೇ ರಿಂಗು, ತಂಡಕ್ಕೆ ನಾಲ್ಕೇ ಹುಡುಗರು, ಹತ್ತು ನಿಮಿಷ ಸಾಕು. ಅದರ ಅಂಗಳ 15 ಮೀಟರ್ ಅಗಲ, 11 ಮೀಟರ್ ಉದ್ದ. ಪುರುಷರ ಕಬಡ್ಡಿಯದು 13ಕ್ಕೆ 10. ಕಬಡ್ಡಿಗೆ ಜಾಗ ಕೊಟ್ಟ ಕಾಲೇಜು ಅದರ ಮಗ್ಗುಲಲ್ಲೇ ಇದಕ್ಕೂ ಸಿಮೆಂಟ್ ಹಾಕಿಸಬಹುದು. ಜತ್ತ, ಅಥಣಿ, ಇಂಡಿ, ಅಕ್ಕಲಕೋಟೆ, ಮಂಗಳವೇಢೆಯ ಕಾಲೇಜುಗಳು ವಲಯದ ಗೆರೆ ಬದಿಗಿಟ್ಟು ದೀಪಾವಳಿ ರಜೆಯಲ್ಲಿ ತಮ್ಮದೇ ಪಂದ್ಯಾವಳಿ ನಡೆಸಲು ಯಾವ ವಿಶ್ವವಿದ್ಯಾಲಯದ ಏಣಿಯೂ ಬೇಕಿಲ್ಲ. ಐದು ಊರಿನ ದೈಹಿಕ ಶಿಕ್ಷಣ ನಿರ್ದೇಶಕರು ಒಂದು ಸಂಜೆ ಕೂತು ಮಾತಾಡಿದರಾಯಿತು. ಕ್ಯಾನ್ಸಸ್ ಸಿಟಿಯಲ್ಲೂ ಮೊದಲ ವರ್ಷ ಬಂದವು ಎಂಟೇ ತಂಡಗಳು.