ಸರದಿಗೆ ಬಾರದ ಊರುಗಳು

ಆಲೂರು, ಸಕಲೇಶಪುರ ಸೀಮೆಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಐಗೂರಿನ ಪಾಳೆಯಗಾರರಿಂದ ಶುರುಮಾಡುತ್ತಾರೆ. 1792ರಲ್ಲಿ ಟಿಪ್ಪು ಕಟ್ಟಿಸಿದ ಮಂಜರಾಬಾದ್ ಕೋಟೆಯನ್ನು ಹತ್ತಿ ಇಳಿದು, 1802ರಲ್ಲಿ ಗಲ್ಲಿಗೇರಿದ ವೆಂಕಟಾದ್ರಿ ನಾಯಕನ ಪ್ರಸಂಗ ಮುಗಿಸಿ, ನೇರ ಕಾಫಿ ತೋಟಕ್ಕೆ ನುಗ್ಗಿಬಿಡುತ್ತಾರೆ. ಅದಕ್ಕೂ ಹಿಂದಿನ ಕಾಲ ಹೇಳಬೇಕಾದಾಗ, ಮಲೆನಾಡಿನಲ್ಲಿ ಶಾಸನ ಕಡಿಮೆ ಎಂಬ ಒಂದು ಮಾತಿನಲ್ಲಿ ಕೈ ತೊಳೆದುಕೊಳ್ಳುವುದು ರೂಢಿ. ಕಡಿಮೆ ಇರುವುದು ಶಾಸನವೋ ಹುಡುಕಾಟವೋ? ಇದನ್ನು ತೀರ್ಮಾನಿಸಬಲ್ಲ ಕಾಗದ ಒಂದೇ: ಹುಡುಕಹೊರಟವರು ಯಾವ ಊರಿಗೆ ಯಾವ ಸರದಿಯಲ್ಲಿ ಹೋದರು, ಎಲ್ಲಿಂದ ಬರಿಗೈಲಿ ಮರಳಿದರು, ಯಾವುದನ್ನು ಮುಂದಕ್ಕೆ ಹಾಕಿದರು ಎಂಬ ಪಟ್ಟಿ. ಶಾಸನದ ಪಾಠಗಳನ್ನು ನಾವು ಜೋಪಾನ ಮಾಡಿದೆವು. ಆ ಪಟ್ಟಿಗೆ ಅಂಥ ಗೌರವ ಸಿಗಲಿಲ್ಲ.

ಮೈಸೂರು ಸಂಸ್ಥಾನದ ಶಾಸನಗಳನ್ನು ಹುಡುಕಹೊರಟ ಬಿ. ಎಲ್. ರೈಸ್ ಅವರ ಕೆಲಸ ಶುರುವಾದದ್ದು ಬೇರೆಯವರು ಕೊಟ್ಟ ಬೀಜದಿಂದ. ಮೇಜರ್ ಡಿಕ್ಸನ್ 1865ರಲ್ಲಿ ತೆಗೆದ ಶಾಸನಗಳ ಫೋಟೋಗಳನ್ನು ಓದಿಸುವುದರಿಂದ ಆರಂಭವಾಗಿ 1879ರಲ್ಲಿ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ ಹೊರಬಂತು. ಆಮೇಲೆ ಬಂದದ್ದು ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡು ಸಂಪುಟ, ಸುಮಾರು 9,000 ಶಾಸನ. ಹಾಸನ ಜಿಲ್ಲೆಯದು ಐದನೆಯ ಸಂಪುಟ, 1902ರದು. ಒಂದು ಶಾಸನಕ್ಕೆ ಎಷ್ಟು ಹೊತ್ತು ಬೇಕು ಎಂಬುದನ್ನು ಇಲ್ಲಿ ಮರೆಯಬಾರದು. ಕಲ್ಲಿನ ಪಾಚಿ ಉಜ್ಜಿ ತೆಗೆದು, ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಿಂದ ಬಡಿದು ಅದನ್ನು ಅಕ್ಷರದ ಕುಳಿಗೆ ಇಳಿಸಿ, ಮೇಲೆ ಮಸಿ ಒತ್ತಿ, ಒಣಗಿದ ಮೇಲೆ ಹರಿಯದಂತೆ ಬಿಡಿಸಬೇಕು. ಮಲೆನಾಡಿನ ಮಳೆಯಲ್ಲಿ ಇದು ಸಾಗುವ ಕೆಲಸವಲ್ಲ. ಹಾಗಾಗಿ ಯಾವ ಊರು ಮೊದಲು, ಯಾವುದು ಆಮೇಲೆ ಎಂದು ಯಾರೋ ಒಬ್ಬರು ಗೊತ್ತುಮಾಡಲೇಬೇಕಿತ್ತು. ಗುಡಿ ಗೋಪುರ ಎದ್ದು ಕಾಣುವ ಊರು ಮೊದಲು ಬರುವುದು ಸಹಜ. ಆದರೆ ಆಲೂರು, ಸಕಲೇಶಪುರದ ಕಡೆ ಊರೆಂದರೆ ಒತ್ತಾಗಿ ಕೂತ ಮನೆಗಳ ಬೀದಿಯಲ್ಲ. ಗದ್ದೆ ಬಯಲಿನ ಅಂಚಿಗೊಂದು, ಗುಡ್ಡದ ಮಗ್ಗುಲಿಗೊಂದು ಮನೆ, ನಡುವೆ ಕಾಡು. ಕಂದಾಯದ ಪಟ್ಟಿಯಲ್ಲಿ ಒಂದೇ ಹೆಸರು, ನಡೆದು ಮುಗಿಸಲು ಇಡೀ ದಿನ. ಅಲ್ಲಿ ವೀರಗಲ್ಲು ಯಾರದೋ ತೋಟದ ಬೇಲಿಯೊಳಗೆ ನಿಂತಿರುತ್ತದೆ.

ಇಲ್ಲಿ ಕಡಿಮೆಯಾದದ್ದು ಹುಡುಕಾಟ ಎಂಬುದನ್ನು ಊಹೆ ಎನ್ನಬಹುದು. ಹೊಯ್ಸಳರ ರಾಜಧಾನಿ ಬೇಲೂರು, ಹಳೇಬೀಡಿನ ಕಡೆ ಇತ್ತು, ದತ್ತಿ ಕೊಡುವವರೂ ಅಲ್ಲೇ ಇದ್ದರು, ಕಾಡಿನಲ್ಲಿ ಯಾರು ಶಾಸನ ಕೆತ್ತಿಸುತ್ತಿದ್ದರು ಎಂಬ ಆಕ್ಷೇಪಕ್ಕೆ ತೂಕವಿದೆ. ವ್ಯತ್ಯಾಸದ ಒಂದು ಪಾಲು ಅದರಿಂದಲೇ ಬಂದದ್ದು, ಒಪ್ಪಬೇಕು. ಆದರೆ ಹೆಚ್ಚು ಜಾಲಾಡಿದ ಬೇಲೂರು ತಾಲ್ಲೂಕಿನಲ್ಲೇ ಏನಾಯಿತು ನೋಡಿ. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನ 1902ರ ಸಂಪುಟದಲ್ಲಿ ಇಲ್ಲ. ಅದನ್ನು ಬೆಳಕಿಗೆ ತಂದದ್ದು 1936ರಲ್ಲಿ, ಪುರಾತತ್ವ ಇಲಾಖೆಯ ಎಂ. ಎಚ್. ಕೃಷ್ಣ ಅವರ ಕಾಲದಲ್ಲಿ. ಮೂವತ್ತನಾಲ್ಕು ವರ್ಷ ಕನ್ನಡದ ಇಷ್ಟು ದೊಡ್ಡ ಸಾಕ್ಷಿ ಪುಸ್ತಕದ ಹೊರಗೇ ಉಳಿಯಿತು. ಊರು ಸರದಿಗೆ ಬರಲಿಲ್ಲವೋ, ಹೋದವರ ಕಣ್ಣಿಗೆ ಕಲ್ಲು ಬೀಳಲಿಲ್ಲವೋ, ಸವೆದಿದೆ ಎಂದು ಬಿಟ್ಟರೋ? ಅಚ್ಚಾದ ಪುಟದಲ್ಲಿ ಮೂರಕ್ಕೂ ಒಂದೇ ರೂಪ: ಖಾಲಿ ಜಾಗ. ಬೇಲೂರಿಗೇ ಈ ಗತಿಯಾದರೆ ಆಲೂರು, ಸಕಲೇಶಪುರದ ಖಾಲಿ ಜಾಗವನ್ನು ‘ಇಲ್ಲ’ ಎಂದು ಓದುವ ಧೈರ್ಯ ನನಗಂತೂ ಇಲ್ಲ.

ಮೊದಲು ಎಲ್ಲಿಗೆ ಹೋಗಬೇಕು, ಸಿಗದ್ದನ್ನು ಹೇಗೆ ಗುರುತಿಡಬೇಕು ಎಂಬ ಇದೇ ತೊಡಕು ಇಂದು ವೆಬ್ ಪುಟಗಳನ್ನು ಬಾಚಿ ತರುವ ಪ್ರೋಗ್ರಾಂ ಬರೆಯುವವರಿಗೂ ಎದುರಾಗಿದೆ, ಅವರು ಅದನ್ನು ಹೆಚ್ಚು ಶಿಸ್ತಿನಿಂದ ನಿಭಾಯಿಸಿದ್ದಾರೆ. ಹೇಡನ್ ಮತ್ತು ನಾಯೋರ್ಕ್ 1999ರಲ್ಲಿ ವಿವರಿಸಿದ ಮರ್ಕೇಟರ್ ಎಂಬ ಕ್ರಾಲರ್‌ನ ಜೀವಾಳವೇ ವಿಳಾಸಗಳ ಕ್ಯೂ. ನೋಡಿದ ವಿಳಾಸ ಮತ್ತೆ ಸಾಲಿಗೆ ಬರಬಾರದು, ಒಂದೇ ಸರ್ವರ್‌ನ ಮೇಲೆ ಮುಗಿಬೀಳಬಾರದು, ತಂದ ಪುಟದಲ್ಲಿ ಸಿಕ್ಕ ಹೊಸ ವಿಳಾಸಗಳು ಸಾಲಿನ ಬಾಲಕ್ಕೆ ಸೇರಬೇಕು. ಇಂಥ ಪ್ರೋಗ್ರಾಂಗಳಲ್ಲಿ ಸಿಗದ ಪುಟಕ್ಕೂ ಒಂದು ಗುರುತು ಬೀಳುತ್ತದೆ. ಶಾಸನವೂ ಹೊಸ ವಿಳಾಸ ಕೊಡುತ್ತದೆ. ಹಲ್ಮಿಡಿಯ ಕಲ್ಲೇ ಪಲ್ಮಿಡಿ, ಮೂಳಿವಳ್ಳಿ ಎಂಬ ಎರಡು ಊರನ್ನು ಹೆಸರಿಸುತ್ತದೆ. ದತ್ತಿ ಶಾಸನಗಳು ಮೂಡಲು ಇಂಥದ್ದು, ತೆಂಕಲು ಇಂಥದ್ದು ಎಂದು ಎಲ್ಲೆಯ ಊರುಗಳನ್ನು ಸಾಲಾಗಿ ಹೇಳುತ್ತವೆ. ವಿಳಾಸ ಬದಲಾಗುವ ಕಾಟವೂ ಉಂಟು. 1902ರ ಸಂಪುಟದಲ್ಲಿ ಆಲೂರು ಎಂಬ ತಾಲ್ಲೂಕು ವಿಭಾಗವೇ ಇಲ್ಲ. ಇಂದಿನ ಆಲೂರಿನ ಕಲ್ಲನ್ನು ಅಲ್ಲಿ ಹಳೆಯ ತಾಲ್ಲೂಕಿನ ಹೆಸರಿನಡಿ ಹುಡುಕಬೇಕು. ಹಳೆಯ ತಾಲ್ಲೂಕಿನ ಸಂಖ್ಯೆಯನ್ನೂ ಹೊಸ ತಾಲ್ಲೂಕಿನ ಸಂಖ್ಯೆಯನ್ನೂ ಜೋಡಿಸದೆ ಎಣಿಸಿದರೆ ಒಂದೇ ಕಲ್ಲು ಎರಡಾಗುತ್ತದೆ.

ಯಂತ್ರಕ್ಕೆ ದಣಿವಿಲ್ಲ, ಎಲ್ಲವನ್ನೂ ತಂದುಬಿಡುತ್ತದೆ, ಹಾಗಾಗಿ ಹೋಲಿಕೆ ಸಲ್ಲದು ಎನ್ನುವವರಿದ್ದಾರೆ. ಯಂತ್ರವೂ ಎಲ್ಲವನ್ನೂ ತರುವುದಿಲ್ಲ. ಅದರ ಸಾಲು ಮುಗಿಯುವುದೇ ಇಲ್ಲ, ಎಲ್ಲೋ ಒಂದು ಕಡೆ ನಿಲ್ಲಿಸಬೇಕು. ಅಷ್ಟರಲ್ಲಿ ಸಾಲಿನ ಬಾಲದಲ್ಲಿದ್ದ ಪುಟ ಅಳಿದಿರುತ್ತದೆ. ಊರುಗಳೂ ಹೀಗೆಯೇ ಅಳಿಯುತ್ತವೆ: ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿದಾಗ ಹಿನ್ನೀರಿಗೆ ಹೋದ ಊರುಗಳಲ್ಲಿ ಆಲೂರು ತಾಲ್ಲೂಕಿನವೂ ಇದ್ದವು. ಮುಳುಗುವ ಊರನ್ನು ಮೊದಲು ನೋಡಬೇಕೆಂಬುದು ಸಾಮಾನ್ಯ ತಿಳಿವಳಿಕೆ. ಗುಡಿಯ ಅಂದವನ್ನು ಮಾನದಂಡ ಮಾಡಿಕೊಂಡ ಸರದಿಗೆ ಅದು ಹೊಳೆಯುವುದಿಲ್ಲ.

ರೈಸ್ ಅವರನ್ನು ದೂರಿ ಪ್ರಯೋಜನವಿಲ್ಲ, ಅಷ್ಟು ಜನ, ಅಷ್ಟು ಹಣದಲ್ಲಿ ಅವರು ಮಾಡಿದ್ದು ಬೆಟ್ಟದಷ್ಟು. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿ ಈಚೆಗೆ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದೆ. ಅಂಥ ಕೆಲಸ ಘಟ್ಟದ ಅಂಚಿಗೂ ಬಂದರೆ ಆಲೂರಿನ ಕಸಬಾ, ಪಾಳ್ಯ, ಕುಂದೂರು, ಕೆಂಚಮ್ಮನ ಹೊಸಕೋಟೆ ಹೋಬಳಿಗಳ ಪ್ರತಿ ಊರಿನ ಮುಂದೆ, ಸಿಕ್ಕ ಕಲ್ಲಿನ ವಿವರದ ಜೊತೆಗೇ, ಹೋದ ತಾರೀಕು, ನೋಡಿದ ಜಾಗ, ಬಾಗಿಲು ತೆರೆಯದ ತೋಟ, ಮತ್ತೆ ಹೋಗಬೇಕಾದ ಕಾರಣ ಇವನ್ನೂ ಅಚ್ಚು ಹಾಕಬೇಕು.