ಮನೆಯಲ್ಲಿ ಆನ್‌ಲೈನ್ ಆಟಗಳಿಗಾಗಿ ಮಿತವ್ಯಯದ ನಿಸ್ತಂತು ರೂಟರ್ ಹಾಗೂ ಕಾರ್ಡ್ ಆಯ್ಕೆ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಮನೆಯ ಗಣಕಯಂತ್ರದಲ್ಲಿ ಅಂತರಜಾಲದ ಮೂಲಕ ಆಟವಾಡುವಾಗ ಆಟವು ನಡುನಡುವೆ ತಡೆದು ನಿಲ್ಲುವುದು ಹಾಗೂ ಗುಂಡಿ ಒತ್ತಿದ ಪರಿಣಾಮ ತಡವಾಗಿ ಕಾಣುವುದು ಸಾಮಾನ್ಯ ತೊಂದರೆಗಳಾಗಿವೆ. ಇಂತಹ ಸಂದರ್ಭದಲ್ಲಿ ಅನೇಕ ಕುಟುಂಬಗಳು ಪೆಟ್ಟಿಗೆಯ ಮೇಲೆ ದೊಡ್ಡ ಅಂಕಿ ಮುದ್ರಿಸಿರುವ ದುಬಾರಿ ರೂಟರನ್ನು ಖರೀದಿಸುತ್ತವೆ. ಹಣ ವೆಚ್ಚವಾದರೂ ತೊಂದರೆ ಹಾಗೆಯೇ ಉಳಿಯುವುದುಂಟು.

ಆಟದ ಕಡತಗಳನ್ನು ಇಳಿಸಿಕೊಳ್ಳಲು ಹೆಚ್ಚಿನ ವೇಗ ಅನುಕೂಲಕರ. ಆದರೆ ಆಡುವ ಸಮಯದಲ್ಲಿ ಬಹುತೇಕ ಆಟಗಳು ಬಳಸುವ ದತ್ತಾಂಶ ತೀರಾ ಕಡಿಮೆ. ಆಗ ಮುಖ್ಯವಾಗುವುದು ಸಂದೇಶವು ಆಟದ ಸರ್ವರ್‌ಗೆ ಹೋಗಿ ಬರಲು ತಗಲುವ ಅವಧಿ. ಇದಕ್ಕೆ ಪಿಂಗ್ ಎಂದು ಹೆಸರು. ಈ ಅವಧಿಯು ಕಡಿಮೆಯಾಗಿರಬೇಕು ಹಾಗೂ ಏರಿಳಿತವಿಲ್ಲದೆ ಸ್ಥಿರವಾಗಿರಬೇಕು. ಆದುದರಿಂದ ಖರೀದಿಗೆ ಮುನ್ನ ದೋಷವು ಎಲ್ಲಿದೆ ಎಂಬುದನ್ನು ಖಚಿತಪಡಿಸಿಕೊಳ್ಳುವುದು ಅತ್ಯಗತ್ಯ.

2. ಖರೀದಿಗೆ ಮುನ್ನ ಮಾಡತಕ್ಕ ಪರೀಕ್ಷೆ

ವಿಂಡೋಸ್ ಗಣಕಯಂತ್ರದಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ಇಂಗ್ಲಿಷಿನಲ್ಲಿ ಪಿಂಗ್ ಎಂದು ಬರೆದು, ಒಂದು ಅಕ್ಷರದಷ್ಟು ಸ್ಥಳ ಬಿಟ್ಟು, ರೂಟರಿನ ವಿಳಾಸವನ್ನು ನಮೂದಿಸತಕ್ಕದ್ದು. ಈ ವಿಳಾಸವು ಸಾಮಾನ್ಯವಾಗಿ 192.168.1.1 ಅಥವಾ 192.168.0.1 ಆಗಿದ್ದು, ರೂಟರಿನ ತಳಭಾಗದ ಚೀಟಿಯಲ್ಲಿ ಮುದ್ರಿತವಾಗಿರುತ್ತದೆ. ನಂತರ ಇದೇ ರೀತಿ ಹೊರಗಿನ ಯಾವುದಾದರೂ ಜಾಲತಾಣದ ವಿಳಾಸಕ್ಕೂ ಪರೀಕ್ಷಿಸಬೇಕು. ಆಟ ತಡೆಯುವ ಹೊತ್ತಿನಲ್ಲಿಯೇ ಈ ಪರೀಕ್ಷೆಯನ್ನು ಹಲವು ಬಾರಿ ಮಾಡುವುದು ಸೂಕ್ತ. ಫಲಿತಾಂಶಗಳನ್ನು ಈ ಕೆಳಕಂಡಂತೆ ಅರ್ಥೈಸಬಹುದು:

(ಅ) ರೂಟರಿಗೆ ಹೋಗಿಬರುವ ಅವಧಿಯೇ ಏರಿಳಿತವಾಗುತ್ತಿದ್ದಲ್ಲಿ ದೋಷವು ಮನೆಯ ಒಳಗಿನ ನಿಸ್ತಂತು ಸಂಪರ್ಕದಲ್ಲಿದೆ. ಸ್ಥಳ ಬದಲಾವಣೆ, ತಂತಿ, ಹೊಸ ರೂಟರ್ ಅಥವಾ ಕಾರ್ಡ್‌ನಿಂದ ಪ್ರಯೋಜನವಾಗಬಹುದು.

(ಆ) ರೂಟರಿನವರೆಗೆ ಅವಧಿಯು ಸ್ಥಿರವಾಗಿದ್ದು, ಹೊರಗಿನ ವಿಳಾಸಕ್ಕೆ ಮಾತ್ರ ಏರಿಳಿತವಿದ್ದಲ್ಲಿ ಬಹುಮಟ್ಟಿಗೆ ಸೇವಾದಾರರ ಜಾಲದಲ್ಲಿ ದೋಷವಿರುತ್ತದೆ. ಹೊಸ ರೂಟರಿಗೆ ಹಣ ವ್ಯಯಿಸದೆ, ಸೇವಾದಾರರಲ್ಲಿ ದೂರು ದಾಖಲಿಸಿ ದೂರಿನ ಸಂಖ್ಯೆಯನ್ನು ಪಡೆಯತಕ್ಕದ್ದು. ಪರಿಹಾರ ದೊರೆಯದಿದ್ದಲ್ಲಿ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಮನವಿ ಸಲ್ಲಿಸಬಹುದು.

(ಇ) ಮನೆಯ ಇತರ ಸದಸ್ಯರು ಚಲನಚಿತ್ರ ವೀಕ್ಷಿಸುವಾಗ ಅಥವಾ ಕಡತಗಳನ್ನು ಕಳುಹಿಸುವಾಗ ಮಾತ್ರ ಹೊರಗಿನ ಅವಧಿ ಹೆಚ್ಚಾದಲ್ಲಿ, ಸಂಪರ್ಕದಲ್ಲಿ ಸಂದೇಶಗಳು ಸರದಿಯಲ್ಲಿ ನಿಲ್ಲುತ್ತಿವೆ ಎಂದರ್ಥ. ರೂಟರಿನಲ್ಲಿ ಕ್ಯೂಒಎಸ್ ಎಂಬ ಆದ್ಯತಾ ವ್ಯವಸ್ಥೆ ಇದ್ದಲ್ಲಿ ಅದನ್ನು ಚಾಲನೆಗೊಳಿಸಿ ನೋಡಬೇಕು.

ಸರ್ವರ್ ಇರುವ ದೂರವೂ ಗಣನೀಯ. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಚಲಿಸುತ್ತದೆ. ಬೆಂಗಳೂರಿನಿಂದ 3,000 ಕಿ.ಮೀ.ಗೂ ದೂರವಿರುವ ಸಿಂಗಪುರಕ್ಕೆ ಹೋಗಿಬರಲು ಯಾವ ರೂಟರ್ ಇದ್ದರೂ 30 ಮಿಲಿಸೆಕೆಂಡ್ ಮೀರುವುದು ಅನಿವಾರ್ಯ. ಆಟದ ಸೆಟ್ಟಿಂಗ್‌ನಲ್ಲಿ ಮುಂಬೈ ಮುಂತಾದ ಹತ್ತಿರದ ಸರ್ವರ್ ಲಭ್ಯವಿದ್ದಲ್ಲಿ ಅದನ್ನು ಆರಿಸಿಕೊಳ್ಳಬೇಕು. ಇದಕ್ಕೆ ಯಾವುದೇ ವೆಚ್ಚವಿಲ್ಲ.

3. ತಂತಿಯ ಸಂಪರ್ಕ

ಗಣಕಯಂತ್ರವು ಒಂದೇ ಸ್ಥಳದಲ್ಲಿರುವುದಾದರೆ ಕ್ಯಾಟ್ 5ಇ ದರ್ಜೆಯ ನೆಟ್‌ವರ್ಕ್ ಕೇಬಲ್ ಅತ್ಯಂತ ಮಿತವ್ಯಯದ ಹಾಗೂ ಸ್ಥಿರವಾದ ಪರಿಹಾರ. ಇದು 100 ಮೀಟರ್ ದೂರದವರೆಗೆ ಸೆಕೆಂಡಿಗೆ 1 ಗಿಗಾಬಿಟ್ ವೇಗವನ್ನು ನೀಡಬಲ್ಲದು. ಗೋಡೆ ಕೊರೆಯಲು ಅವಕಾಶವಿಲ್ಲದ ಬಾಡಿಗೆ ಮನೆಗಳಲ್ಲಿ ಅಥವಾ ಮಹಡಿ ಬೇರೆಯಾಗಿರುವಲ್ಲಿ ಮಾತ್ರ ಮುಂದಿನ ಕಂಡಿಕೆಗಳು ಅನ್ವಯಿಸುತ್ತವೆ.

4. ರೂಟರ್ ಆಯ್ಕೆ

(ಅ) 2.4 ಮತ್ತು 5 ಗಿಗಾಹರ್ಟ್ಸ್ ಎರಡೂ ತರಂಗಪಟ್ಟಿಗಳುಳ್ಳ ಡ್ಯುಯಲ್ ಬ್ಯಾಂಡ್ ರೂಟರ್ ಆರಿಸತಕ್ಕದ್ದು. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನಲ್‌ಗಳು 1, 6 ಮತ್ತು 11 ಎಂಬ ಮೂರು ಮಾತ್ರ. ಅಕ್ಕಪಕ್ಕದ ಮನೆಗಳ ರೂಟರ್, ಬ್ಲೂಟೂತ್ ಹಾಗೂ ಮೈಕ್ರೋವೇವ್ ಒಲೆ ಇವೆಲ್ಲವೂ ಇದೇ ಪಟ್ಟಿಯನ್ನು ಬಳಸುತ್ತವೆ. 5 ಗಿಗಾಹರ್ಟ್ಸ್‌ನಲ್ಲಿ ದಟ್ಟಣೆ ಕಡಿಮೆ. ಆದರೆ ಗೋಡೆಗಳನ್ನು ದಾಟುವ ಶಕ್ತಿಯೂ ಕಡಿಮೆ.

(ಆ) ಪೆಟ್ಟಿಗೆಯ ಮೇಲಿನ ಅಂಕಿಯು ಎರಡು ಪಟ್ಟಿಗಳ ಸೈದ್ಧಾಂತಿಕ ವೇಗಗಳ ಮೊತ್ತ. ಉದಾಹರಣೆಗೆ, ಎಸಿ1200 ಎಂದರೆ 300 ಮತ್ತು 867 ಎಂಬಿಪಿಎಸ್‌ಗಳನ್ನು ಕೂಡಿಸಿ ಪೂರ್ಣಾಂಕಗೊಳಿಸಿದ್ದು. ಒಂದು ಗಣಕಯಂತ್ರವು ಸಾಮಾನ್ಯವಾಗಿ ಒಂದು ಕಾಲಕ್ಕೆ ಒಂದೇ ಪಟ್ಟಿಯನ್ನು ಬಳಸುತ್ತದೆ.

(ಇ) ಕಡಿಮೆ ಬೆಲೆಯ ಕೆಲವು ಮಾದರಿಗಳಲ್ಲಿ ಕೇಬಲ್ ಕಿಂಡಿಗಳು 100 ಎಂಬಿಪಿಎಸ್‌ಗೆ ಸೀಮಿತವಾಗಿರುತ್ತವೆ. ಅದಕ್ಕಿಂತ ಹೆಚ್ಚಿನ ವೇಗದ ಅಂತರಜಾಲ ಯೋಜನೆ ಪಡೆದವರು ಗಿಗಾಬಿಟ್ ಕಿಂಡಿಗಳಿರುವುದನ್ನು ಖಚಿತಪಡಿಸಿಕೊಳ್ಳಬೇಕು. ಉಳಿದವರು ಅದಕ್ಕಾಗಿ ಹೆಚ್ಚು ಹಣ ತೆರುವ ಅಗತ್ಯವಿಲ್ಲ.

(ಈ) 2013ರ ಮಾನಕವಾದ ವೈಫೈ 5, ಒಬ್ಬರು ಆಡಲು ಸಾಕಾಗುತ್ತದೆ. ಮನೆಯಲ್ಲಿ ಏಕಕಾಲಕ್ಕೆ ಅನೇಕ ಸಾಧನಗಳು ಬಳಕೆಯಲ್ಲಿದ್ದು, ಬೆಲೆಯ ವ್ಯತ್ಯಾಸ ಅಲ್ಪವಾಗಿದ್ದಲ್ಲಿ ವೈಫೈ 6 ಸೂಕ್ತ. ಅದರ ಪೂರ್ಣ ಪ್ರಯೋಜನಕ್ಕೆ ಕಾರ್ಡ್ ಸಹ ವೈಫೈ 6 ಆಗಿರಬೇಕು.

(ಉ) ಗೇಮಿಂಗ್ ಎಂಬ ಹೆಸರು, ಬಣ್ಣದ ದೀಪಗಳು ಹಾಗೂ ಆಂಟೆನಾಗಳ ಸಂಖ್ಯೆ ತಾವಾಗಿಯೇ ಪಿಂಗ್ ಅವಧಿಯನ್ನು ತಗ್ಗಿಸುವುದಿಲ್ಲ.

ಷರಾ: ಫೈಬರ್ ಸಂಪರ್ಕದೊಂದಿಗೆ ಸೇವಾದಾರರು ನೀಡುವ ಪೆಟ್ಟಿಗೆಯಲ್ಲಿಯೇ ಡ್ಯುಯಲ್ ಬ್ಯಾಂಡ್ ವೈಫೈ ಇರುವ ಸಾಧ್ಯತೆ ಇದೆ. ಮೊದಲು ಅದನ್ನು ಪರಿಶೀಲಿಸಬೇಕು. ಅದರ ಹಿಂದೆ ಮತ್ತೊಂದು ರೂಟರ್ ಜೋಡಿಸುವುದಾದರೆ ಹೊಸದನ್ನು ಆಕ್ಸೆಸ್ ಪಾಯಿಂಟ್ ಸ್ಥಿತಿಯಲ್ಲಿಡುವುದು ಸರಳ ವಿಧಾನ.

5. ಕಾರ್ಡ್ ಆಯ್ಕೆ

(ಅ) ಮೇಜಿನ ಗಣಕಯಂತ್ರಕ್ಕೆ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ಉತ್ತಮ. ಖರೀದಿಗೆ ಮುನ್ನ ಮದರ್‌ಬೋರ್ಡ್‌ನಲ್ಲಿ ಖಾಲಿ ಸ್ಲಾಟ್ ಇದೆಯೇ ಎಂದು ನೋಡಬೇಕು. ಇಂತಹ ಕಾರ್ಡ್‌ಗಳ ಬ್ಲೂಟೂತ್ ಕಾರ್ಯನಿರ್ವಹಿಸಲು ಸಾಮಾನ್ಯವಾಗಿ ಮದರ್‌ಬೋರ್ಡ್‌ನ ಯುಎಸ್‌ಬಿ ಸಂಪರ್ಕವೂ ಬೇಕಾಗುತ್ತದೆ.

(ಆ) ಲ್ಯಾಪ್‌ಟಾಪ್‌ಗಳ ಎಂ.2 ಕಾರ್ಡ್‌ಗಳಲ್ಲಿ ಹೊರನೋಟಕ್ಕೆ ಒಂದೇ ತೆರನಾಗಿದ್ದರೂ ಒಂದರ ಬದಲು ಮತ್ತೊಂದು ಬಳಸಲಾಗದವು ಇವೆ. ಇಂಟೆಲ್ ಎಎಕ್ಸ್200 ಪಿಸಿಐ ಎಕ್ಸ್‌ಪ್ರೆಸ್ ಆಧಾರಿತವಾದುದು. ಎಎಕ್ಸ್201 ಕಾರ್ಡಿಗೆ ಸಿಎನ್‌ವಿಐ ವ್ಯವಸ್ಥೆಯುಳ್ಳ ಇಂಟೆಲ್ ಯಂತ್ರವೇ ಬೇಕು.

(ಇ) ಯುಎಸ್‌ಬಿ ಅಡಾಪ್ಟರ್ ಅಳವಡಿಕೆಗೆ ಸುಲಭ. ಅತಿ ಅಗ್ಗದ ಚಿಕ್ಕ ಅಡಾಪ್ಟರ್‌ಗಳಲ್ಲಿ ಹಲವು 2.4 ಗಿಗಾಹರ್ಟ್ಸ್‌ಗೆ ಮಾತ್ರ ಸೀಮಿತವಾಗಿರುತ್ತವೆ. ಅಂತಹವನ್ನು ಕೊಂಡಲ್ಲಿ ಡ್ಯುಯಲ್ ಬ್ಯಾಂಡ್ ರೂಟರಿಗೆ ನೀಡಿದ ಹಣ ವ್ಯರ್ಥ. ಯುಎಸ್‌ಬಿ 3.0 ಸಾಧನಗಳು 2.4 ಗಿಗಾಹರ್ಟ್ಸ್‌ಗೆ ಅಡಚಣೆ ಉಂಟುಮಾಡಬಲ್ಲವಾದುದರಿಂದ, ಅಡಾಪ್ಟರನ್ನು ವಿಸ್ತರಣಾ ಕೇಬಲ್ ಮೂಲಕ ದೂರವಿಡುವುದು ಒಳಿತು.

6. ಅಳವಡಿಕೆ ಮತ್ತು ಭದ್ರತೆ

ರೂಟರನ್ನು ನೆಲದ ಮೇಲಾಗಲಿ, ಕಬ್ಬಿಣದ ಬೀರುವಿನ ಹಿಂದಾಗಲಿ ಇಡದೆ, ಆಡುವ ಕೋಣೆಗೆ ಸಮೀಪದಲ್ಲಿ ಎತ್ತರದ ಸ್ಥಳದಲ್ಲಿ ಇರಿಸಬೇಕು. ಆಟದ ಗಣಕಯಂತ್ರವನ್ನು 5 ಗಿಗಾಹರ್ಟ್ಸ್‌ಗೆ ಜೋಡಿಸಬೇಕು. ಭದ್ರತೆಗಾಗಿ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಆರಿಸತಕ್ಕದ್ದು. ಹಳೆಯ ಡಬ್ಲ್ಯುಇಪಿ ಪದ್ಧತಿಯನ್ನು ಸುಲಭವಾಗಿ ಭೇದಿಸಬಹುದಾದ ಕಾರಣ ಬಳಸಬಾರದು. ರೂಟರಿನೊಂದಿಗೆ ಬಂದ ಗುಪ್ತಪದವನ್ನು ಮೊದಲ ದಿನವೇ ಬದಲಾಯಿಸಬೇಕು.

7. ರಸೀದಿ ಮತ್ತು ಗ್ರಾಹಕರ ಹಕ್ಕು

ಪೆಟ್ಟಿಗೆಯ ಮೇಲೆ ಗರಿಷ್ಠ ಮಾರಾಟ ಬೆಲೆ ಹಾಗೂ ತಯಾರಕರ ಅಥವಾ ಆಮದುದಾರರ ವಿವರ ಇರುವುದನ್ನೂ, ವಿದ್ಯುತ್ ಅಡಾಪ್ಟರಿನ ಮೇಲೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಗುರುತು ಇರುವುದನ್ನೂ ಪರಿಶೀಲಿಸತಕ್ಕದ್ದು. ಮುದ್ರಿತ ಬೆಲೆಯಲ್ಲಿ ಎಲ್ಲ ತೆರಿಗೆಗಳೂ ಸೇರಿರುತ್ತವೆ. ಮಾದರಿ ಸಂಖ್ಯೆ ಮತ್ತು ಕ್ರಮಸಂಖ್ಯೆ ನಮೂದಿಸಿದ ರಸೀದಿಯನ್ನು ಕೇಳಿ ಪಡೆದು ಖಾತರಿ ಅವಧಿ ಮುಗಿಯುವವರೆಗೆ ಕಾಪಾಡಬೇಕು. ದೋಷಯುಕ್ತ ವಸ್ತುವಿನ ಬಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಗತ್ಯವಿದ್ದಲ್ಲಿ ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019ರಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಬಹುದು. ಹಳೆಯ ಸಾಧನಗಳನ್ನು ಮನೆಯ ಕಸದೊಂದಿಗೆ ಎಸೆಯದೆ ಇ-ತ್ಯಾಜ್ಯ ಸಂಗ್ರಹಣಾ ಕೇಂದ್ರಕ್ಕೆ ನೀಡತಕ್ಕದ್ದು.

ಸಾರ್ವಜನಿಕರು ಕಂಡಿಕೆ 2ರ ಪರೀಕ್ಷೆಯನ್ನು ಪೂರೈಸಿದ ನಂತರವೇ ಖರೀದಿಯ ನಿರ್ಧಾರ ಕೈಗೊಂಡು ಅನಗತ್ಯ ವೆಚ್ಚವನ್ನು ತಪ್ಪಿಸಿಕೊಳ್ಳಬೇಕೆಂದು ಕೋರಲಾಗಿದೆ.